ಏಳನೆಯ ವಾರದ ಕುಬಸ

ಹೆಣ್ಣು ನಾಯಿಯೊಂದು ಬೆದೆಗೆ ಬಂದರೆ ಸಾಕು, ಬೀದಿಯವರಿಗೆಲ್ಲ ಒಮ್ಮೆಲೇ ನೀತಿ ನೆನಪಾಗುತ್ತದೆ. ಅದನ್ನು ಕಟ್ಟಿಹಾಕಿ, ಬಾಗಿಲು ಹಾಕಿ, ಹೊರಗೆ ಬಿಡಬೇಡಿ ಎಂದು ಬಂದು ಬಂದು ಹೇಳುತ್ತಾರೆ. ಗಂಡು ನಾಯಿಯನ್ನು ಕಟ್ಟಿಹಾಕಿ ಎಂದು ಹೇಳಿದವರು ನಾನು ಕಂಡ ಹಾಗೆ ಒಬ್ಬರೇ, ನನ್ನವ್ವ. ಹೇಳಿದ್ದು ಮನೆಯ ಮಾಲೀಕರಿಗೆ. ಹಾಗಾಗಿ ನಮ್ಮ ಬಾಡಿಗೆ ಕೋಣೆಗೇ ಸಂಚಕಾರ ಬಂತು.

ತೊಂಬತ್ತರ ದಶಕದ ನಡುವಿನ ಮಾತು. ಅಕ್ಕಂದಿರಿಬ್ಬರ ಮದುವೆಯಾದ ಮೇಲೆ ಅವ್ವ, ನಾನು ಇಬ್ಬರೇ ಯಾದಗಿರಿ ಕಡೆಯಿಂದ ಬಂದು ಹಲಸೂರಿನ ಒಂದು ವಠಾರದಲ್ಲಿದ್ದೆವು. ಎಂಟು ಕೋಣೆ, ನಡುವೆ ಅಂಗಳ, ಅಂಗಳಕ್ಕೊಂದು ನಲ್ಲಿ. ಮಹಡಿಯಲ್ಲಿ ಮಾಲೀಕರು. ಅವ್ವ ಇಂದಿರಾನಗರದ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ನಾನು ಶಿವಾಜಿನಗರದ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದೆ. ಆಗ ನನಗೆ ಹತ್ತೊಂಬತ್ತು.

ನಾಯಿ ಇಂದಿರಾನಗರದಿಂದ ಅವ್ವನ ಹಿಂದೆ ನಡೆದುಕೊಂಡು ಬಂದದ್ದು. ಕೆಂದು ಬಣ್ಣದ, ಉದ್ದ ಕಾಲಿನ ಬೀದಿಮರಿ. ಎರಡು ದಿನ ಅವ್ವ ಓಡಿಸಿದಳು, ಮೂರನೆಯ ದಿನ ರೊಟ್ಟಿ ಹಾಕಿದಳು. ಹೆಸರಿಡಲಿಲ್ಲ. "ಬಾ ಯವ್ವ" ಎಂದರೆ ಬರುತ್ತಿತ್ತು, "ಹೋಗ ಯವ್ವ" ಎಂದರೆ ಹೋಗದೆ ಅಲ್ಲೇ ಕೂರುತ್ತಿತ್ತು. ನಮ್ಮ ಹೊಸ್ತಿಲ ಬಳಿ ಮಲಗಿ ಎರಡು ವರ್ಷ ಕಳೆದಿತ್ತು.

ಮಾಲೀಕರದ್ದು ಆಲ್ಸೇಶಿಯನ್. ಅದರ ತಾತ, ಮುತ್ತಾತಂದಿರ ಹೆಸರುಗಳಿದ್ದ ಕಾಗದವೊಂದಕ್ಕೆ ಗಾಜಿನ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದರು. ಬಾಡಿಗೆ ಕೊಡಲು ಹೋದಾಗಲೆಲ್ಲ ನಾನು ಅದನ್ನು ಓದುತ್ತಿದ್ದೆ. ನನ್ನ ಮುತ್ತಾತನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಆ ನಾಯಿಗೆ ಭಾನುವಾರ ಭಾನುವಾರ ಸ್ನಾನ, ಬಾಚಣಿಗೆ. ನಾಯಿಗಳ ಪ್ರದರ್ಶನದಲ್ಲಿ ಅದು ಕಪ್ ಗೆಲ್ಲಬೇಕು ಎನ್ನುವುದು ಮಾಲೀಕರ ಆಸೆ.

ಆ ದಿನ ನೀರು ಬಿಡುವ ಹೊತ್ತು. ವಠಾರದ ಹೆಂಗಸರೆಲ್ಲ ಪ್ಲಾಸ್ಟಿಕ್ ಕೊಡ ಹಿಡಿದು ಸಾಲಾಗಿ ನಿಂತಿದ್ದೆವು. ಮಾಲೀಕರ ಹೆಂಡತಿ ತಾರಸಿಯಲ್ಲಿ ಸಂಡಿಗೆ ಹಾಕಲು ಹೋದವರು ಮಹಡಿಯ ಬಾಗಿಲನ್ನು ತೆರೆದೇ ಬಿಟ್ಟಿದ್ದರು. ಆಲ್ಸೇಶಿಯನ್ ಒಂದೇ ಉಸಿರಿಗೆ ಮೆಟ್ಟಿಲಿಳಿದು ಬಂತು. ನಮ್ಮ ನಾಯಿಯೂ ಓಡಲಿಲ್ಲ. ಸ್ವಲ್ಪ ಹೊತ್ತಿಗೆ ಎರಡೂ ಬಾಲಕ್ಕೆ ಬಾಲ ಕೊಟ್ಟು, ಬಿಡಿಸಿಕೊಳ್ಳಲಾಗದೆ, ನಲ್ಲಿಯ ಎದುರಿಗೇ ನಿಂತುಬಿಟ್ಟವು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾಲೀಕರು ದೊಣ್ಣೆ ಹಿಡಿದು ಓಡಿ ಬಂದರು. ಅವ್ವ ತನ್ನ ಕೊಡವನ್ನು ಕೆಳಗಿಟ್ಟು ಅಡ್ಡ ನಿಂತಳು.

"ಬಿಡ್ರಿ ಸಾಹೇಬ್ರ. ಜಗ್ಗಿದ್ರ ಎರಡಕ್ಕೂ ಪೆಟ್ಟಾಗ್ತದ. ಹೊತ್ತಾದ ಮ್ಯಾಲ ತಾವಾ ಬಿಡ್ತಾವ."

"ನಿನ್ನ ಬೀದಿ ನಾಯಿ ನನ್ನ ನಾಯಿನ ಕೆಡಿಸ್ಬಿಡ್ತಲ್ಲಮ್ಮ! ಇದಕ್ಕೆ ಎಂಥಾ ಮನೆಯಿಂದ ಹೆಣ್ಣು ನೋಡಿದ್ದೆ ಗೊತ್ತಾ ನಿಂಗೆ?"

"ನಮ್ಮಾಕಿ ಮ್ಯಾಲ ಬಂದಿದ್ದಿಲ್ರಿ. ನಿಮ್ಮಾಂವ ಕೆಳಗ ಇಳದು ಬಂದಾನ. ಇನ್ನರ ಅವನ್ನ ಕಟ್ಟಿ ಹಾಕ್ರಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬರು ನಕ್ಕಿದ್ದೇ ತಡ, ಎಲ್ಲರೂ ನಕ್ಕರು. ಮಾಲೀಕರ ಮುಖ ಕೆಂಪಾಯಿತು. ನಾಯಿಗಳು ಕೂಡಿದ್ದನ್ನು ಅವರು ಮರೆಯುತ್ತಿದ್ದರೋ ಏನೋ, ಬಾಡಿಗೆಯ ಹೆಂಗಸರು ನಕ್ಕಿದ್ದನ್ನು ಮರೆಯಲಿಲ್ಲ.

ಸಂಜೆ ನಮ್ಮ ಬಾಗಿಲಿಗೇ ಬಂದರು. "ಬಸುರು ನಿಲ್ಲದ ಹಾಗೆ ಒಂದು ಇಂಜೆಕ್ಷನ್ ಬರುತ್ತೆ. ನಾಳೆನೇ ಹಾಕಿಸ್ಬಿಡಿ. ಅದರ ಹೊಟ್ಟೆ ನನ್ನ ವಠಾರದಲ್ಲಿ ದೊಡ್ಡದಾಯ್ತೋ, ನೀವು ರೂಮ್ ಖಾಲಿ ಮಾಡ್ತಾ ಇರಿ. ನನ್ನ ನಾಯಿ ಹೆಸರಲ್ಲಿ ಬೀದಿ ಮರಿಗಳು ಓಡಾಡೋದು ನಂಗೆ ಬೇಡ."

ನಿಜ ಹೇಳುತ್ತೇನೆ, ಸೂಜಿ ಹಾಕಿಸೋಣ ಎಂದವಳು ನಾನೇ. ಗಂಡು ದಿಕ್ಕಿಲ್ಲದ ಇಬ್ಬರು ಹೆಂಗಸರಿಗೆ ಕೋಣೆ ಸಿಗುವುದು ಎಷ್ಟು ಕಷ್ಟ ಎಂದು ನೋಡಿದ್ದೆ. ಹೋದಲ್ಲೆಲ್ಲ ಮೊದಲ ಪ್ರಶ್ನೆ "ಯಜಮಾನ್ರು ಎಲ್ಲಿ?" ಎಂದು. ಆ ಪ್ರಶ್ನೆಗೆ ಮತ್ತೆ ಉತ್ತರ ಹೇಳಿಕೊಂಡು ಬೀದಿ ಸುತ್ತುವ ಧೈರ್ಯ ನನಗಿರಲಿಲ್ಲ. ನಾಯಿಗಿಂತ ನನ್ನ ತಲೆಯ ಮೇಲಿನ ಶೀಟೇ ದೊಡ್ಡದು ಅನ್ನಿಸಿತ್ತು.  ಮರುದಿನ ಅವ್ವ ನಾಯಿಯ ಕೊರಳಿಗೆ ಹಳೆಯ ಸೀರೆಯ ಅಂಚು ಕಟ್ಟಿಕೊಂಡು ಸರ್ಕಾರಿ ಪಶು ಆಸ್ಪತ್ರೆಗೆ ನಡೆದಳು. ನಾನು ಹಿಂದೆ ಹಿಂದೆ.

ಅಲ್ಲಿನ ಡಾಕ್ಟರು ನಡುವಯಸ್ಸಿನವರು, ಅರ್ಧ ತೋಳಿನ ಅಂಗಿ, ಸಿಡುಕು ಮುಖ. ಎಲ್ಲವನ್ನೂ ಕೇಳಿಕೊಂಡು, "ಆ ಸೂಜಿ ನಾನು ಹಾಕಲ್ಲಮ್ಮ. ಗರ್ಭಕೋಶದಲ್ಲಿ ಕೀವು ಕಟ್ಟಿ ಸತ್ತಿರೋ ನಾಯಿಗಳನ್ನ ನೋಡಿದ್ದೀನಿ. ಮರಿ ಬೇಡ ಅಂದ್ರೆ ಮುಂದೆ ಆಪರೇಷನ್ ಮಾಡ್ಸಿ. ಈಗ ಸುಮ್ನೆ ಬಿಡಿ. ಬಸುರು ನಿಂತಿದ್ಯೋ ಇಲ್ವೋ ನಾಲ್ಕು ವಾರ ಆದ್ಮೇಲೆ ಕರ್ಕೊಂಡ್ಬನ್ನಿ, ನೋಡೋಣ," ಎಂದರು.

"ಎಷ್ಟ ದಿನಕ್ಕ ಹಡೀತಾಳ್ರಿ?"

"ಹೆಚ್ಚು ಕಮ್ಮಿ ಅರವತ್ಮೂರು ದಿನ."

ಅವ್ವ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಅಂದ್ರ ಒಂಬತ್ತು ವಾರ. ನಮಗ ಒಂಬತ್ತು ತಿಂಗಳು, ಅಕಿಗಿ ಒಂಬತ್ತು ವಾರ. ಸರಿ ಅದ." ಎಲ್ಲ ಅರ್ಥವಾಯಿತು ಎನ್ನುವ ಹಾಗೆ ತಲೆಯಾಡಿಸಿದಳು. ಅಲ್ಲೇ ಆದದ್ದು ಎಡವಟ್ಟು. ಆವತ್ತಿನಿಂದ ಅವ್ವನ ಲೆಕ್ಕದಲ್ಲಿ ಅದು ಮನೆಯ ಬಸುರಿ ಹೆಣ್ಣುಮಗಳಾಯಿತು, ಒಂದು ವಾರಕ್ಕೆ ಒಂದು ತಿಂಗಳು.

ನಮ್ಮ ಕಡೆ ಬಸುರಿ ಎರಡು ಜೀವಕ್ಕೆ ಉಣ್ಣಬೇಕು. ಅವ್ವ ಆ ದಿನವೇ ಶುರುಮಾಡಿದಳು. ಬೆಳಿಗ್ಗೆ ಜೋಳದ ರೊಟ್ಟಿಗೆ ತುಪ್ಪ, ಮಧ್ಯಾಹ್ನ ಅನ್ನ ಹಾಲು, ಸಂಜೆ ಬೆಲ್ಲದ ಸಜ್ಜಕ. ನಾವು ಚಟ್ನಿಪುಡಿ ಕಲಸಿಕೊಂಡು ಉಣ್ಣುವಾಗ ನಾಯಿ ತುಪ್ಪ ನೆಕ್ಕುತ್ತಿತ್ತು. ಇಷ್ಟು ಸಾಲದು ಎಂದು, ಕೂಸಿನ ಎಲುಬು ಗಟ್ಟಿಯಾಗಲಿ ಎಂದು ಸುಣ್ಣದ ತಿಳಿಯನ್ನು ಹಾಲಿಗೆ ಬೆರೆಸಿ ಕುಡಿಸುತ್ತಿದ್ದಳು. ಅವ್ವನಿಗೆ ಅವಳವ್ವ ಹೇಳಿಕೊಟ್ಟದ್ದು ಅದು. ಎಲೆ ಅಡಿಕೆಗೆಂದು ಇಟ್ಟ ಸುಣ್ಣದ ಡಬ್ಬಿ ತಿಂಗಳೊಳಗೆ ಬರಿದಾಯಿತು. ನಾಯಿ ಬೇಡ ಎನ್ನಲು ಅದೇನು ಮೂರ್ಖ ನಾಯಿಯೇ, ಕೊಟ್ಟದ್ದನ್ನೆಲ್ಲ ತಿಂದು ಬಿಸಿಲಿಗೆ ಬಿದ್ದುಕೊಳ್ಳುತ್ತಿತ್ತು.

ಮಾಲೀಕರಿಗೆ ಅವ್ವ ಹೇಳಿದ್ದು ಒಂದೇ ಮಾತು, "ದವಾಖಾನಿಗಿ ಹೋಗಿ ಬಂದೀವ್ರಿ." ಸುಳ್ಳಲ್ಲ. ಅವರು ಸೂಜಿ ಹಾಕಿಸಿದ್ದಾರೆ ಎಂದುಕೊಂಡು ಸುಮ್ಮನಾದರು. ನಾನು ಅಂಗಡಿಯಲ್ಲಿ ಕೂತು ದಿನಾ ಎಣಿಸುತ್ತಿದ್ದೆ, ಆ ಹೊಟ್ಟೆ ಎಂದು ಕಾಣಿಸೀತು ಎಂದು.

ನಾಲ್ಕು ವಾರ ಕಳೆದು ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಹೊಟ್ಟೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಒತ್ತಿ ನೋಡಿದರು. "ನಿಂತಿದೆ. ನಾಲ್ಕೋ ಐದೋ ಗಂಟು ಸಿಗ್ತಿದೆ, ನಿಂಬೆಹಣ್ಣಿನಷ್ಟು." ನಾಯಿಯ ಪಕ್ಕೆ ತಟ್ಟಿ ಕತ್ತೆತ್ತಿದರು. "ಅದಿರ್ಲಿ, ಇಷ್ಟು ಯಾಕೆ ದಪ್ಪ ಆಗಿದೆ? ಏನ್ ಹಾಕ್ತಾ ಇದ್ದೀರಿ?"

ಅವ್ವ ಹೆಮ್ಮೆಯಿಂದ ಎಲ್ಲವನ್ನೂ ಒಪ್ಪಿಸಿದಳು. ಸುಣ್ಣದ ತಿಳಿಯವರೆಗೂ. ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು.

"ಯಾರಮ್ಮ ಹೇಳಿದ್ದು ಸುಣ್ಣ ಕೊಡಿ ಅಂತ? ಕೊಲ್ತೀರಾ ಅದನ್ನ?"

"ನಾ ಮೂರು ಹಡದೀನ್ರಿ. ನೀವೆಷ್ಟು ಹಡದೀರಿ?"

ಹಿಂದೆ ಮೇಕೆ ಹಿಡಿದು ನಿಂತಿದ್ದವನು ಗಹಗಹಿಸಿ ನಕ್ಕ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಡಾಕ್ಟರು ಸಿಟ್ಟಾಗಲಿಲ್ಲ. ಕೂತು, ಸಮಾಧಾನವಾಗಿ ಬಿಡಿಸಿ ಹೇಳಿದರು. ಈಗಲೇ ಹೊರಗಿನಿಂದ ಸುಣ್ಣ ಕೊಟ್ಟರೆ ನಾಯಿಯ ಮೈ ತನ್ನ ಎಲುಬಿನಲ್ಲಿರುವ ಸುಣ್ಣವನ್ನು ತೆಗೆದುಕೊಳ್ಳುವುದನ್ನೇ ಮರೆಯುತ್ತದೆ, ಹೆತ್ತು ಹಾಲು ಇಳಿಯುವ ಹೊತ್ತಿಗೆ ಮೈ ನಡುಗಿ, ಸೆಟೆದು ಸಾಯಬಹುದು ಎಂದರು. ಮೊದಲ ನಾಲ್ಕು ವಾರ ಎಂದಿನ ಊಟವೇ ಸಾಕಾಗಿತ್ತು. ಇನ್ನು ಮುಂದೆ ಮೆಲ್ಲಮೆಲ್ಲಗೆ ಹೆಚ್ಚಿಸಬೇಕು, ಹೊಟ್ಟೆಯಲ್ಲಿ ಮರಿಗಳು ಜಾಗ ಹಿಡಿಯುವುದರಿಂದ ಸ್ವಲ್ಪ ಸ್ವಲ್ಪವೇ ಮೂರು ನಾಲ್ಕು ಸಲ ಕೊಡಬೇಕು. ತುಪ್ಪ ಬೆಲ್ಲ ಬೇಡ. ಮೊಟ್ಟೆ, ಮಾಂಸ ಕೊಡಿ. ದಿನಾ ನಿಧಾನಕ್ಕೆ ನಡೆಸಿ, ಮೆಟ್ಟಿಲು ಹತ್ತಿಸಬೇಡಿ. ಕೇಳದೆ ಯಾವ ಮಾತ್ರೆಯನ್ನೂ, ಹುಳದ ಔಷಧವನ್ನೂ ಹಾಕಬೇಡಿ.

 ಮನೆಗೆ ಬಂದು ಅವ್ವ ಸುಣ್ಣದ ಡಬ್ಬಿಯನ್ನು ಅಂಗಳದ ಮೋರಿಗೆ ತೊಳೆದಳು.  ಪ್ರೀತಿಯಿಂದ ಕೊಟ್ಟದ್ದೇ ವಿಷವಾದೀತು ಎನ್ನುವುದು ಅವಳಿಗೆ ಹೊಸದು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವಳು. "ನಾಳಿಂದ ಮಾಂಸ ತಗೊಂಡು ಬಾ," ಎಂದಳು ಅಷ್ಟೇ.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆಯ ಸಿಪ್ಪೆಯೂ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ರಸೆಲ್ ಮಾರುಕಟ್ಟೆಯಲ್ಲಿ ನಾನು ಕಂಡದ್ದು ಹೂವಿನ ಸಾಲು, ತರಕಾರಿ ಸಾಲು ಮಾತ್ರ. ಮಾಂಸದ ಕಡೆಯಿಂದ ಮುಖ ತಿರುಗಿಸಿ ನಡೆಯುತ್ತಿದ್ದವಳು ಆ ದಿನ ಮೂಗಿಗೆ ದುಪಟ್ಟಾ ಒತ್ತಿಕೊಂಡು ಒಳಗೆ ಹೋದೆ. ಎಲುಬಿಲ್ಲದ ಚೂರು ಬೇಕು ಎಂದೆ. ಎಷ್ಟು ಜನಕ್ಕೆ ಎಂದು ಅಂಗಡಿಯವರು ಕೇಳಿದರು.

"ಒಬ್ಬ ಬಸುರಿಗೆ."

"ಅಕ್ಕಂಗಾ? ತಗೊಳ್ಳಮ್ಮ, ಚೆನ್ನಾಗ್ ತಿನ್ಲಿ," ಎಂದು ಇನ್ನೊಂದು ಹಿಡಿ ಹಾಕಿಕೊಟ್ಟರು. ನಾನು ತಿದ್ದಲಿಲ್ಲ. ಹಿಂದಿನ ಗೋಡೆಯ ಬದಿಗೆ ಮೂರು ಇಟ್ಟಿಗೆ ಇಟ್ಟು, ಬೇರೆ ಗಡಿಗೆಯಲ್ಲಿ, ಉಪ್ಪು ಖಾರ ಇಲ್ಲದೆ ಅವ್ವ ಅದನ್ನು ಬೇಯಿಸುತ್ತಿದ್ದಳು. ಆಮೇಲೆ ತಲೆಯ ಮೇಲೆ ನೀರು ಹೊಯ್ದುಕೊಂಡು ಪೂಜೆಗೆ ಕೂರುತ್ತಿದ್ದಳು. ಇದೇನು ಹೊಸ ಅಡುಗೆ ಎಂದು ಪಕ್ಕದ ಕೋಣೆಯ ತಮಿಳಿನಾಕೆ ಕೇಳಿದಾಗ, "ಶಿವ ಕೇಳಿದ್ರ ನಾ ಹೇಳ್ಕೋತೀನಿ, ನೀ ಸುಮ್ಮನಿರು," ಎಂದಳು.

ಆರನೆಯ ವಾರಕ್ಕೆ ಹೊಟ್ಟೆ ಯಾರ ಕಣ್ಣಿಗೂ ಮುಚ್ಚಿಡುವ ಹಾಗಿರಲಿಲ್ಲ. ಮಾಲೀಕರು ಮೆಟ್ಟಿಲ ಮೇಲೆ ನಿಂತೇ ಕೂಗಿದರು. "ನನ್ನ ಕಿವಿ ಮೇಲೆ ಹೂವಿಟ್ರಾ? ಈ ತಿಂಗಳ ಕೊನೆಗೆ ರೂಮ್ ಖಾಲಿ ಆಗ್ಬೇಕು. ಇಲ್ಲ ನಾಯಿ ಆಚೆ ಹೋಗ್ಬೇಕು. ಎರಡರಲ್ಲಿ ಒಂದು."

ನಾಯಿಯನ್ನು ಹೆರಿಗೆಯ ತನಕ ಬಾಣಸವಾಡಿಯಲ್ಲಿದ್ದ ನನ್ನ ಜೊತೆ ಕೆಲಸದವಳ ಮನೆಯ ಹಿತ್ತಲಲ್ಲಿ ಬಿಡೋಣ ಎಂದೆ. ಅವ್ವ ಆಗ ನನ್ನ ಕಡೆ ನೋಡಿದ ನೋಟ ನನಗಿನ್ನೂ ಚುಚ್ಚುತ್ತದೆ. ನಾನು ಅವ್ವನ ಹೊಟ್ಟೆಯಲ್ಲಿದ್ದಾಗ, ಮೂರನೆಯದೂ ಹೆಣ್ಣೇ ಎಂದು ಯಾರೋ ಕಣಿ ಹೇಳಿದ್ದನ್ನು ನಂಬಿ, ಅಪ್ಪನ ಮನೆಯವರು ಏಳು ತಿಂಗಳ ಬಸುರಿಯನ್ನು ಬರಿಗೈಯಲ್ಲಿ ಹೊರಗೆ ಕಳಿಸಿದ್ದರು. ಅವಳಿಗೆ ಕುಬಸ ಆಗಲೇ ಇಲ್ಲ. ನಮ್ಮ ಕಡೆ ಕುಬಸ ಎಂದರೆ ಬಸುರಿಯನ್ನು ಕೂರಿಸಿ, ಹಸಿರು ಸೀರೆ ಉಡಿಸಿ, ರವಿಕೆ ತೊಡಿಸಿ, ಐದು ಜನ ಮುತ್ತೈದೆಯರು ಉಡಿ ತುಂಬಿ, ಊರವರಿಗೆಲ್ಲ ಊಟ ಹಾಕುವುದು. ಉಡಿ ತುಂಬಿದವರು ಆ ಬಸುರಿಗೆ ಹೊಣೆ. ಅವಳು ಹೆತ್ತು ಏಳುವ ತನಕ ಹೊಸ್ತಿಲಾಚೆ ಹಾಕುವ ಹಾಗಿಲ್ಲ. ಹಾಕಿದರೆ ಆ ಪಾಪ ಉಡಿ ತುಂಬಿದ ಕೈಗೆ.

"ನಮಗ ಏಳನೇ ತಿಂಗಳು. ಅಕಿಗಿ ಏಳನೇ ವಾರ," ಎಂದಳು ಅವ್ವ. "ಶುಕ್ರವಾರ ಕುಬಸ. ನೀ ಅಂಗಡ್ಯಾಗಿಂದ ಹಸರು ಅರಬಿ ತುಂಡು ತಾ."

ನಾಯಿಗೆ ಕುಬಸವೇ! ನಾನು ತಲೆ ಚಚ್ಚಿಕೊಂಡೆ. ಅವ್ವ ಕುಂಕುಮದ ಬಟ್ಟಲು ಹಿಡಿದು ಎಂಟೂ ಕೋಣೆಗೆ ಹೋಗಿ ಕರೆದಳು. ಕೊನೆಗೆ ಮಾಲೀಕರು ಹೊರಗೆ ಹೋದ ಹೊತ್ತು ನೋಡಿ ಮಹಡಿ ಹತ್ತಿದಳು, ನಾನೂ ಹಿಂದೆ ಹೋದೆ. ಮಾಲೀಕರ ಹೆಂಡತಿಗೆ ಕುಂಕುಮ ಕೊಟ್ಟು, "ನಮ್ಮ ಮನ್ಯಾಗ ಕುಬಸ ಅದರಿ, ಉಡಿ ತುಂಬಾಕ ಬರ್ರಿ," ಎಂದಳು. ಯಾರಿಗೆ ಎಂದು ಅವರು ಕೇಳಿದರು. ಅವ್ವ ಮುಚ್ಚಿಡಲಿಲ್ಲ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕುಂಕುಮ ಹಚ್ಚಿಕೊಂಡು, "ಎಷ್ಟು ಗಂಟೆಗೆ?" ಎಂದರು.

ಶುಕ್ರವಾರ ಅಂಗಳದಲ್ಲಿ ಮಣೆ ಹಾಕಿದೆವು. ನಾಯಿ ಮಣೆಯ ಮೇಲೆ ಕೂರದೆ ಅದರ ಪಕ್ಕ ಅಡ್ಡ ಬಿದ್ದುಕೊಂಡಿತು. ಕೊರಳಿಗೆ ಹಸಿರು ಬಟ್ಟೆ ಕಟ್ಟಿದಳು ಅವ್ವ. ವಠಾರದ ಹೆಂಗಸರು ಬಂದರು, ಮೊದಲು ಹುಡುಗಾಟಕ್ಕೆ. ತಮಿಳಿನಾಕೆ ತಮ್ಮ ಕಡೆ ಬಸುರಿಗೆ ಬಳೆ ತೊಡಿಸುತ್ತಾರೆ ಎಂದು ಎರಡು ಗಾಜಿನ ಬಳೆ ತಂದು ಆ ಬಟ್ಟೆಗೇ ಕಟ್ಟಿದಳು. ಸಾಬರ ಮನೆಯ ಅಜ್ಜಿ ಮೊಟ್ಟೆ ಬೇಯಿಸಿ ತಂದರು. ಯಾರೋ ಹಾಡು ಎತ್ತಿದರು. ಎತ್ತಿದ ಮೇಲೆ ಹುಡುಗಾಟ ಹೋಗಿ ಅದು ನಿಜವಾದ ಕುಬಸವೇ ಆಯಿತು. ಮಾಲೀಕರ ಹೆಂಡತಿ ಕೊನೆಗೆ ಇಳಿದು ಬಂದರು. ನಾಯಿಯ ಹಣೆಗೆ ಕುಂಕುಮ ಇಟ್ಟು, ಒಂದು ಹಿಡಿ ಅಕ್ಕಿ ಹಾಕಿ ಉಡಿ ತುಂಬಿದರು. ಶೇಂಗಾ ಹೋಳಿಗೆ ಉಂಡರು. ಕೈ ತೊಳೆದುಕೊಳ್ಳುವಾಗ ಅವ್ವ ಮೆಲ್ಲಗೆ, ಉಡಿ ತುಂಬಿದವರ ಹೊಣೆ ಏನು ಎಂದು ಅವರಿಗೆ ಹೇಳಿದಳು. ಅವರು ಅವ್ವನ ಮುಖ ನೋಡಿ, ಮೊದಲ ಸಲ ನಕ್ಕರು. "ನೀವು ಭಾರಿ ಪಾಕಡ ಕಣ್ರೀ," ಎಂದರು.

ಆ ಸಂಜೆ ಮಹಡಿಯಿಂದ ಕೇಳಿಬಂದ ಜಗಳಕ್ಕೆ ಇಡೀ ವಠಾರ ಕಿವಿಗೊಟ್ಟಿತು. "ನಾನು ಕುಂಕುಮ ಇಟ್ಟು, ಹೋಳಿಗೆ ತಿಂದು ಬಂದಿದ್ದೀನಿ. ಅದು ಹೆರೋವರ್ಗೂ ಎಲ್ಲೂ ಹೋಗಲ್ಲ. ಬೇಕಾದ್ರೆ ನೀವೇ ಆಚೆ ಹೋಗಿ." ತಿಂಗಳ ಕೊನೆ ಬಂತು, ಹೋಯಿತು. ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.

ಉಳಿದ ದಿನಗಳಲ್ಲಿ ನನಗೂ ಹುಚ್ಚು ಹಿಡಿಯಿತು. ಬೆಳಿಗ್ಗೆ ಕೆರೆಯ ದಾರಿಯಲ್ಲಿ ನಾಯಿಯನ್ನು ನಿಧಾನಕ್ಕೆ ನಡೆಸಿಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಮಾರುಕಟ್ಟೆಯಿಂದ ಸೇಬಿನ ಮರದ ಪೆಟ್ಟಿಗೆ ತಂದು, ಒಂದು ಬದಿಯ ಹಲಗೆ ಕಿತ್ತು, ಅಂಗಡಿಯ ಚಿಂದಿ ಬಟ್ಟೆ ಹಾಸಿ, ಕೋಣೆಯ ಕತ್ತಲೆ ಮೂಲೆಯಲ್ಲಿಟ್ಟೆ. ಹತ್ತು ದಿನ ಮುಂಚೆಯೇ ಅಭ್ಯಾಸವಾಗಲಿ ಎಂದು ಡಾಕ್ಟರು ಹೇಳಿದ್ದರು. ಆ ಮೂಲೆ ಅವ್ವ ಮಲಗುವ ಜಾಗ. ಅವ್ವ ಬಾಗಿಲ ಬಳಿ ಮಲಗಿದಳು. ಒಂದು ರಾತ್ರಿ ನಾನು ಹೊಟ್ಟೆಯ ಮೇಲೆ ಕೈಯಿಟ್ಟಾಗ ಒಳಗೆ ಏನೋ ಮಿಸುಕಿತು. ನಾನು ಅತ್ತೆ. ಆ ಸೂಜಿಗೆ ಹೂಂ ಎಂದ ಬಾಯಿ ನನ್ನದೇ ಅಲ್ಲವೇ.

ಅರವತ್ತೆರಡನೆಯ ದಿನ ಊಟ ಬಿಟ್ಟಿತು, ಚಿಂದಿಯನ್ನೆಲ್ಲ ಕೆರೆದು ಗುಡ್ಡೆ ಹಾಕಿತು. ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನದೊಳಗೆ ಐದು ಮರಿ. ನಾವು ಮಾಡಿದ್ದು ಏನೂ ಇಲ್ಲ. ಬಾಗಿಲು ಹಾಕಿಕೊಂಡು, ಮಾತಾಡದೆ ಕೂತಿದ್ದೆವು. ಹಾಲಿನ ದಿನಗಳಲ್ಲಿ ಅದು ಎಲ್ಲಿ ನಡುಗುತ್ತದೋ ಎಂದು ಅವ್ವ ಮೂರು ವಾರ ಅದರ ಕಾಲು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಡುಗಲಿಲ್ಲ.

ಮರಿಗಳಿಗೆ ಆರು ವಾರ ತುಂಬುವಾಗ ಅವುಗಳಲ್ಲಿ ಎರಡರ ಬೆನ್ನು ಕಪ್ಪಾಗಿ, ಕಿವಿ ನೆಟ್ಟಗೆ ನಿಲ್ಲತೊಡಗಿತು. ಮಾಲೀಕರು ಅಂಗಳದಲ್ಲಿ ಆಡುತ್ತಿದ್ದ ಅವನ್ನು ಮಹಡಿಯಿಂದ ಎರಡು ದಿನ ನೋಡಿದರು. ಮೂರನೆಯ ದಿನ ಇಳಿದು ಬಂದು, ಒಳ್ಳೆಯದೊಂದನ್ನು ಎತ್ತಿಕೊಂಡು ಹಲ್ಲು ನೋಡಿದರು.

"ಗಂಡು ನಾಯಿ ಯಾರದ್ದೋ ಅವರಿಗೆ ಮೊದಲನೇ ಮರಿ ಕೊಡ್ಬೇಕು. ಅವರು ಆರಿಸಿದ್ದು. ಎಲ್ಲಾ ಕಡೆ ಇರೋ ಪದ್ಧತಿ ಇದು. ನಂಗಿದು ಬೇಕು. ಕೊಟ್ರೆ ಎಷ್ಟು ವರ್ಷ ಬೇಕಾದ್ರೂ ಇಲ್ಲೇ ಇರಿ, ನಾನೇನೂ ಅನ್ನಲ್ಲ. ಇಲ್ಲ ಅಂದ್ರೆ, ಈಗ ಹೆತ್ತಾಗಿದೆ, ನಮ್ಮನೆಯೋಳೂ ಅಡ್ಡ ಬರಲ್ಲ. ಯೋಚ್ನೆ ಮಾಡಿ."

ಪದ್ಧತಿ ನಿಜ. ಜಾತಿ ನಾಯಿಗಳನ್ನು ಕೂಡಿಸುವವರ ನಡುವೆ ಹಾಗೆಯೇ ನಡೆಯುತ್ತದೆ. ಹೊಟ್ಟೆಯಲ್ಲೇ ಕೊಲ್ಲಿ ಎಂದವರಿಗೂ ಆ ಪದ್ಧತಿ ಉಂಟೇ ಎನ್ನುವುದನ್ನು ಯಾವ ಕಾಗದದಲ್ಲೂ ಬರೆದಿಲ್ಲ. ಅವ್ವ ನನ್ನ ಕಡೆ ತಿರುಗಿದಳು. "ನಿನ್ನ ಕೆಲಸ ಇಲ್ಲೇ ಹತ್ರ ಅದ. ತಿರುಗಾಡಾಕಿ ನೀ. ನೀನಾ ಹೇಳು."

 ಮಾಲೀಕರ ಕೈಯಿಂದ ಮರಿಯನ್ನು ಇಸಿದುಕೊಂಡೆ.

"ಕೊಡಲ್ಲ ಸಾರ್. ಭಾನುವಾರ ರೂಮ್ ಖಾಲಿ ಮಾಡ್ತೀವಿ."

ಕೆ.ಆರ್. ಪುರದಲ್ಲಿ ಒಂದು ಕೋಣೆ ಸಿಕ್ಕಿತು. ಯಜಮಾನರು ಎಲ್ಲಿ ಎಂದು ಅಲ್ಲಿಯೂ ಕೇಳಿದರು. "ನಾನೇ ಯಜಮಾನಿ," ಎಂದೆ. ಶಿವಾಜಿನಗರಕ್ಕೆ ಬಸ್ಸು ಹಿಡಿಯಲು ಇನ್ನು ಮೇಲೆ ಒಂದೂವರೆ ಗಂಟೆ ಮುಂಚೆ ಏಳಬೇಕಿತ್ತು, ಎದ್ದೆ. ಮರಿಗಳನ್ನು ಕೊಡುವಾಗ ಮನೆಗಳನ್ನು ನಾವೇ ನೋಡಿ ಕೊಟ್ಟೆವು, ತಾಯಿಗೆ ಡಾಕ್ಟರು ಹೇಳಿದ ಆಪರೇಷನ್ನೂ ಮಾಡಿಸಿದೆವು. ಅದೆಲ್ಲ ಆಮೇಲೆ.

ಆ ಭಾನುವಾರ ಲಗೇಜ್ ಆಟೋಗೆ ಪಾತ್ರೆ, ಹಾಸಿಗೆ, ಸ್ಟವ್ ಏರಿಸಿದೆವು. ಹಿಂದೆ ನಾಯಿಯ ಜೊತೆ ಅವ್ವ ಕೂತಳು. ಮಾಲೀಕರು ಮೆಟ್ಟಿಲ ಮೇಲೆ ನಿಂತು, ಕೊನೆ ಗಳಿಗೆಯಲ್ಲಾದರೂ ಮನಸ್ಸು ಬದಲಾಯಿಸುತ್ತೇವೇನೋ ಎಂದು ಕಾಯುತ್ತಿದ್ದರು. ನಾನು ಅವರಿಗೆ ಕೇಳುವ ಹಾಗೆ, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತ ಐದೂ ಮರಿಗಳನ್ನು ಅವ್ವನ ಮಡಿಲಿಗೆ ಹಾಕಿ ಗಾಡಿ ಹತ್ತಿದೆ.